ಕ್ಯಾಮೆರಾದಲ್ಲಿದ್ದ ಹೆಂಗಸು

ಕೊನೆಯ ಹುಕ್ಕು ಹಚ್ಚಿ, ದಾರ ಕಚ್ಚಿ ಹರಿದು, ಬ್ಲೌಸನ್ನು ಹ್ಯಾಂಗರಿಗೆ ಹಾಕಿ ಕಿಟಕಿಯ ಸರಳಿಗೆ ತೂಗಿಬಿಟ್ಟಿದ್ದೆ. ಬೆನ್ನಿನ ಕಡೆ ಎರಡು ಲಾಡಿ, ಲಾಡಿಯ ತುದಿಗೆ ಗೊಂಡೆ. ಬೆಳಕು ಸರಿಯಾಗಿ ಬೀಳಲಿ ಎಂದು ಹ್ಯಾಂಗರನ್ನು ಸ್ವಲ್ಪ ತಿರುಗಿಸಿ ಕ್ಯಾಮೆರಾದ ಗುಂಡಿ ಒತ್ತುವಷ್ಟರಲ್ಲಿ ಅದು ಗರ್ ಎಂದು ಮೂತಿಯನ್ನು ಒಳಗೆ ಎಳೆದುಕೊಂಡಿತು. ಪರದೆ ಕಪ್ಪಾಯಿತು. ಸೆಲ್ಲು ಮುಗಿದಿದ್ದವು. ಮೊನ್ನೆ ತಾನೇ ಹಾಕಿದ್ದ ಸೆಲ್ಲುಗಳು. ಸ್ಟೂಲು ಎಳೆದುಕೊಂಡು ಗೋಡೆಯ ಗಡಿಯಾರ ಇಳಿಸಿ ಅದರ ಬೆನ್ನಿನಿಂದ ಒಂದು ಸೆಲ್ ತೆಗೆದೆ. ಇನ್ನೊಂದು ಟೀವಿಯ ರಿಮೋಟಿನಲ್ಲಿತ್ತು.

“ಗಡಿಯಾರ ಮತ್ತ ನಿಂತೈತಿ ನೋಡು,” ಒಳಗಿನಿಂದ ನಮ್ಮವರು ಕೂಗಿದರು.

“ನಿಂತಿಲ್ಲ. ನಾನ ನಿಲ್ಲಿಸೀನಿ.”

“ಆ ಡಬ್ಬಿಗೆ ಸೆಲ್ ತಿನ್ನಿಸಿ ತಿನ್ನಿಸಿ, ಒಂದಿನ ನನ್ನ ಎದಿಯೊಳಗಿಂದೂ ತಗದು ಹಾಕ್ತಿ ನೀ.”

“ಅದರೊಳಗ ಏನು ಉಳದೈತಿ ಅಂತ ತಗೀಲಿ?”

ಅವರು ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ. ಬೆಳಗಿನಿಂದ ಮಷಿನ್ನಿನ ಮೇಲೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಇನ್ನೂ ಎರಡು ಬ್ಲೌಸಿಗೆ ತೋಳು ಕೂಡಿಸುವುದಿತ್ತು.

ಕ್ಯಾಮೆರಾ ಕೊಂಡದ್ದು ಈ ಬ್ಲೌಸುಗಳಿಗಾಗಿಯೇ. ಬಸ್ ನಿಲ್ದಾಣದ ಹಿಂದಿನ ಹಳೆಯ ಸಾಮಾನಿನ ಅಂಗಡಿಯಲ್ಲಿ, ಮುಚ್ಚಳವಿಲ್ಲದ ಮಿಕ್ಸರ್ ಜಾರುಗಳು, ಒಂಟಿ ಸ್ಪೀಕರುಗಳ ನಡುವೆ ಅದು ಬಿದ್ದಿತ್ತು. ಅಂಗೈಯಗಲದ್ದು. ಬೆಳ್ಳಿಯ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಯಾರೋ ಪರವೂರಿನವರು ಬಳಸಿ ಬಿಟ್ಟ ಅಗ್ಗದ ಡಿಜಿಟಲ್ ಕ್ಯಾಮೆರಾ. ಹಿಂಬದಿಯ ಪುಟ್ಟ ಪರದೆಯ ಮೇಲೆ ಅಡ್ಡಲಾಗಿ ಒಂದು ಗೀರು. ಗುಂಡಿ ಒತ್ತಿದರೆ ತಕ್ಷಣ ತೆಗೆಯುವುದಿಲ್ಲ, ಒಂದು ಉಸಿರಿನಷ್ಟು ಹೊತ್ತು ಯೋಚನೆ ಮಾಡಿ ಆಮೇಲೆ ತೆಗೆಯುತ್ತದೆ. ಕರೆದ ಕೂಡಲೇ ಏಳಲಾಗದ ನನ್ನಂಥದ್ದೇ ಒಂದು ಎನಿಸಿ ಕೊಂಡುಕೊಂಡೆ.

ನಮ್ಮೂರ ಹೆಂಗಸರಿಗೆ ತಾವು ಹೊಲಿಸಿದ್ದು ತಮ್ಮ ಮೈಮೇಲೆ ಹೇಗೆ ಕೂತಿದೆ ಎಂದು ಕಾಣುವುದಿಲ್ಲ. ಕನ್ನಡಿಯಲ್ಲಿ ನಮಗೆ ಗೋಡೆ ಕಾಣುತ್ತದೆ, ಬಾಗಿಲು ಕಾಣುತ್ತದೆ, ಬಾಗಿಲಿಗೆ ಬಂದು ನಿಂತ ಬೆಕ್ಕೂ ಕಾಣುತ್ತದೆ, ನಾವು ಕಾಣುವುದಿಲ್ಲ. ಬಾವಿಗೆ ಬಗ್ಗಿದರೆ ನೀರಿನಲ್ಲಿ ಬರೀ ಆಕಾಶ. ಪರವೂರಿಗೆ ಹೋದರೂ ನಮ್ಮೂರವರಿಗೆ ಅಷ್ಟೇ. ಹಾಗಾಗಿ ಕನ್ನಡಿಯನ್ನು ನಾವು ಅಡುಗೆಮನೆಯ ಕತ್ತಲೆ ಮೂಲೆಗೆ ಬಿಸಿಲು ಹಾಯಿಸಲು ಇಟ್ಟುಕೊಳ್ಳುತ್ತೇವೆ. ಹಿಂದೊಮ್ಮೆ ಒಬ್ಬ ಸ್ಟುಡಿಯೋದವನು ಬಂದು ಅಂಗಡಿ ಇಟ್ಟಿದ್ದ. ಮದುವೆಯ ಫೋಟೋಗಳು ತೊಳೆದು ಬಂದಾಗ ಸೀರೆಯ ಅಂಚು, ಬಾಸಿಂಗ, ಮಾಲೆಯ ಒಂದೊಂದು ಹೂವೂ ಬಂದಿರುತ್ತಿತ್ತು. ಮುಖವಿರಬೇಕಾದಲ್ಲಿ ಮಾತ್ರ ಹೆಬ್ಬೆರಳಿನಿಂದ ಒರೆಸಿದಂತೆ ಬಿಳಿ. ಜನ ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಕೊನೆಗೆ ಅವನಿಗೇ ಬೇಸರ ಬಂದು ಬಾಗಿಲು ಹಾಕಿಕೊಂಡು ಹೋದ. ಆಮೇಲೆ ಕ್ಯಾಮೆರಾ ಎಂದರೆ ಬಟ್ಟೆಗೆ, ಬಂಗಾರಕ್ಕೆ ಎಂದೇ ನಮ್ಮ ತಿಳಿವಳಿಕೆಯಾಯಿತು. ನಾನು ಬೆನ್ನುಗಳನ್ನು ತೆಗೆಯುತ್ತಿದ್ದೆ. ಬ್ಲೌಸು ತೊಟ್ಟವಳು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು, ನಾನು ಗುಂಡಿ ಒತ್ತುತ್ತಿದ್ದೆ, ಅವಳು ತಿರುಗಿ ಬಂದು ಪರದೆ ನೋಡಿ, “ಅಯ್ಯ, ನನ್ನ ಬೆನ್ನ ಇಷ್ಟ ಅಗಲ ಐತೇನ್ರಿ?” ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಮುಖಕ್ಕೆ ಎದುರುಗಿತ್ತಿ ಇದ್ದಾಳೆ. ಮದುವೆಯಾದ ವಾರದಲ್ಲಿ ಓಣಿಯ ಹಿರಿಯ ಹೆಂಗಸರು ಹುಡುಗಿಗೊಬ್ಬ ಎದುರುಗಿತ್ತಿಯನ್ನು ಗೊತ್ತು ಮಾಡುತ್ತಾರೆ. ಅಂದಿನಿಂದ ದಿನಾ ಬೆಳಗ್ಗೆ ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತು ಒಬ್ಬರಿಗೊಬ್ಬರು ಬೈತಲೆ ತೆಗೆದು, ಕುಂಕುಮ ಹಚ್ಚಿ, ಆಮೇಲೆ ಒಬ್ಬರ ಮುಖ ಒಬ್ಬರು ಹೇಳಬೇಕು. ಬೆಳಗಿನ ಹೊತ್ತು ನಮ್ಮ ಓಣಿಯಲ್ಲಿ ನಡೆದರೆ ಜಗಲಿ ಜಗಲಿಯಿಂದಲೂ ಮುಖಗಳೇ ಕೇಳಿಸುತ್ತವೆ. ಎದುರುಗಿತ್ತಿಯಲ್ಲದವರು ಇನ್ನೊಬ್ಬಳ ಮುಖದ ಮಾತು ಎತ್ತುವುದಿಲ್ಲ. ನಲ್ಲಿಯ ಹತ್ತಿರ ಜಗಳವಾದರೆ ಅಪ್ಪ ಅಜ್ಜಂದಿರನ್ನೆಲ್ಲ ಹಿಡಿದು ಎಳೆದಾಡುತ್ತಾರೆ, ಮುಖದ ತನಕ ಬರುವುದಿಲ್ಲ. ಗಂಡನೂ ಹೇಳುವುದಿಲ್ಲ. ಹೆತ್ತ ತಾಯಿ ಕೂಡ ಚೆಂದ ಐತಿ ಎಂದು ಹೇಳಿ ಮುಗಿಸುತ್ತಾಳೆ.

ಕಾರಣ ಹೇಳಿ ಕಳಿಸದೆ ಒಂದು ಬೆಳಗ್ಗೆ ಹೋಗದಿದ್ದರೆ ಜೋಡಿ ಮುರಿಯಿತು. ಅದಕ್ಕೆ ಜಗಳ ಬೇಕಿಲ್ಲ, ಪಂಚಾಯಿತಿ ಬೇಕಿಲ್ಲ. ಎಳೆಯವಳಾದರೆ ಇನ್ನೊಬ್ಬಳು ಸಿಗುತ್ತಾಳೆ. ವಯಸ್ಸಾದವಳಿಗೆ ಯಾರೂ ಸಿಗುವುದಿಲ್ಲ. ನಮ್ಮ ಓಣಿಯ ಕೊನೆಯ ಮನೆಯ ನೀಲವ್ವ ಹಾಗೆ ಉಳಿದುಹೋದವಳು. ತನ್ನ ಮುಖ ಏನಾಗಿದೆಯೋ ತಿಳಿಯದೆ, ಬಂದವರ ಕೈ ಹಿಡಿದು ತನ್ನ ಗಲ್ಲದ ಮೇಲೆ ಆಡಿಸಿಕೊಳ್ಳುತ್ತಿದ್ದಳು. ಹಾಲಿನವನ ಕೈಯನ್ನೂ ಬಿಡುತ್ತಿರಲಿಲ್ಲ.

ನನ್ನನ್ನು ಅಂಬಕ್ಕನ ಎದುರಿಗೆ ಕೂರಿಸಿದ್ದರು. ಅವಳು ನನಗಿಂತ ಐದಾರು ವರ್ಷ ದೊಡ್ಡವಳು. ಆಗ ನನಗೆ ತವರು ಬಿಟ್ಟು ಬಂದ ಅಳು ಇನ್ನೂ ನಿಂತಿರಲಿಲ್ಲ. ಅಂಬಕ್ಕ ಮೆಲ್ಲನೆ ಹೇಳಿದಳು: “ಕಣ್ಣು ಜೇನಿನ ಬಣ್ಣ. ಹುಬ್ಬು ಚೆಂದಗೆ ಬಾಗ್ಯಾವ. ಮೂಗಿನ ಬಾಜೂಕ ಎಳ್ಳಿನಷ್ಟು ಮಚ್ಚಿ. ನಕ್ರ ಎಡಗಲ್ಲದ ಮ್ಯಾಲ ಗುಳಿ ಬೀಳತೈತಿ.” ನನ್ನಲ್ಲಿ ಇಷ್ಟೆಲ್ಲ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಳು ಅಲ್ಲೇ ನಿಂತಿತು.

ಆ ಗುಳಿಯನ್ನು ನಾನು ಬಹಳ ನಂಬಿದ್ದೆ. ಅತ್ತೆ ಹಾಸಿಗೆ ಹಿಡಿದು ಮಲಗಿದ ವರ್ಷಗಳಲ್ಲಿ, ನಮ್ಮವರ ಕೆಲಸ ಹೋಗಿ ನಾನು ಮಷಿನ್ನಿಗೆ ಕೂತ ದಿನಗಳಲ್ಲಿ, ಎಷ್ಟೇ ದಣಿದಿದ್ದರೂ ಅದು ನನ್ನ ಗಲ್ಲದ ಮೇಲೆ ಎಲ್ಲೋ ಇದೆ ಎಂದುಕೊಳ್ಳುತ್ತಿದ್ದೆ. ಗಿರಾಕಿಗಳು ಬಂದಾಗ ಸ್ವಲ್ಪ ಬಲಕ್ಕೆ ತಿರುಗಿ, ಎಡಗಲ್ಲ ಅವರಿಗೆ ಕಾಣುವ ಹಾಗೆ ಕೂತು ನಗುತ್ತಿದ್ದೆ. ಈಗಲೂ ಕತ್ತು ಆ ಕಡೆಗೇ ತಿರುಗುತ್ತದೆ, ಅಭ್ಯಾಸವಾಗಿಬಿಟ್ಟಿದೆ.

ಗಡಿಯಾರದ ಸೆಲ್ಲು ಹಾಕಿ ಗೊಂಡೆಯ ಬ್ಲೌಸಿನ ಚಿತ್ರ ತೆಗೆಯಹೋದರೆ ಒಳಗೆ ಜಾಗವಿಲ್ಲ ಎಂದು ಪರದೆ ಹೇಳಿತು. ಏನನ್ನಾದರೂ ಅಳಿಸಬೇಕಿತ್ತು. ಕಿಟಕಿಯ ಪಕ್ಕ ಕೂತು ಹಳೆಯ ಬೆನ್ನುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದೆ. ಎಲೆಯಾಕಾರದ ಕುತ್ತಿಗೆಯದ್ದು, ಚೌಕದ್ದು, ಗುಂಡಿಯ ಸಾಲಿನದ್ದು. ಅವುಗಳ ನಡುವೆ ಒಬ್ಬ ಹೆಂಗಸು ಬಂದಳು.

ಪರದೆಯ ತುಂಬ ಮುಖವೊಂದೇ. ಹಿಂದೆ ಮಬ್ಬು ಗೋಡೆ. ಅಡ್ಡ ಗೀರು ಅವಳ ಹಣೆಯ ಮೇಲೆ ಹಾದುಹೋಗಿತ್ತು. ನಿದ್ದೆಯಿಂದ ಎದ್ದವಳೋ, ನಿದ್ದೆಗೆ ಹೊರಟವಳೋ ತಿಳಿಯದಂಥ ಮುಖ. ನಾನು ಗಾಬರಿಯಾಗಲಿಲ್ಲ. ಮುಖ ಬಂದಿರುವ ಫೋಟೋ ನಮ್ಮೂರಿನದಾಗಲು ಸಾಧ್ಯವೇ ಇರಲಿಲ್ಲ. ಇದು ಕ್ಯಾಮೆರಾದ ಮೊದಲಿನ ಒಡತಿಯದು, ಮಾರುವಾಗ ತನ್ನನ್ನು ಒಳಗೆ ಮರೆತುಬಿಟ್ಟಿದ್ದಾಳೆ ಎಂದುಕೊಂಡೆ. ಪಾಪ, ಎಂಥ ಕಷ್ಟ ಬಂತೋ, ಕೈಯಲ್ಲಿದ್ದುದನ್ನು ಮಾರಿಕೊಂಡಿದ್ದಾಳೆ. ಅವಳನ್ನು ಅಳಿಸಲು ಮನಸ್ಸು ಬರಲಿಲ್ಲ. ಇನ್ನೊಬ್ಬರ ಮುಖ ನನ್ನದಲ್ಲವಲ್ಲ. ಎಲೆಯಾಕಾರದ ಕುತ್ತಿಗೆಯನ್ನೇ ಅಳಿಸಿದೆ.

ಆಮೇಲೆ ಅವಳು ನನಗೆ ರೂಢಿಯಾದಳು. ಮಧ್ಯಾಹ್ನ ಊಟವಾದ ಮೇಲೆ ಕ್ಯಾಮೆರಾ ತೆರೆದು ಒಂದು ಸಲ ನೋಡುತ್ತಿದ್ದೆ. “ಏನವ್ವ, ಇವತ್ತೂ ಹಂಗ ಕೂತಿಯಲ್ಲ,” ಅನ್ನುತ್ತಿದ್ದೆ. ಅಸ್ತರಿನ ಬಟ್ಟೆ ಕಡಿಮೆ ಬಿದ್ದುದನ್ನು, ತೋಳಿನ ಅಳತೆ ತಪ್ಪು ಕೊಟ್ಟು ನನ್ನನ್ನೇ ಬೈದವಳನ್ನು ಅವಳ ಮುಂದೆ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ, ಅವಳನ್ನು ನೋಡಿದಾಗ ನನಗೆ ನನ್ನ ಬಗ್ಗೆ ಸ್ವಲ್ಪ ಸಮಾಧಾನವೂ ಆಗುತ್ತಿತ್ತು. ಇವಳಿಗ್ಯಾವ ಗುಳಿ, ಯಾವ ಮಚ್ಚೆ? ನಾನಾದರೂ ಇವಳಿಗಿಂತ ವಾಸಿ ಎಂದುಕೊಂಡು ಎದ್ದು ಮತ್ತೆ ಮಷಿನ್ನು ತುಳಿಯುತ್ತಿದ್ದೆ.

ಒಂದು ಬೆಳಗ್ಗೆ ಕ್ಯಾಮೆರಾವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಬಕ್ಕನ ಮನೆಗೆ ಹೋದೆ. ನಮ್ಮ ಹೇಳುವುದು ಕೇಳುವುದು ಮುಗಿದಿತ್ತು. ಅಂಬಕ್ಕ ಜಗಲಿಯ ಮೇಲೆಯೇ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ಅಂಬಕ್ಕಾ, ಇಲ್ನೋಡು. ನನ್ನ ಕ್ಯಾಮೆರಾದಾಗ ಒಬ್ಬಾಕಿ ಸಿಕ್ಕಾಳ.”

“ಯಾರೇ?”

“ಮೊದಲಿನ ಮಾಲಕಿ. ಮಾರೂ ಮುಂದ ತನ್ನ ಫೋಟೋ ಒಳಗ ಬಿಟ್ಟ ಹೋಗ್ಯಾಳ.”

ಅಂಬಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೂಗಿನ ತುದಿಗೆ ಜಾರಿದ್ದ ಕನ್ನಡಕ ಏರಿಸಿ ಕ್ಯಾಮೆರಾ ಇಸಿದುಕೊಂಡಳು. “ಪರವೂರಾಕಿ. ಅದಕ್ಕ ಕಣ್ಣು, ಮೂಗು, ಮಾರಿ ಎಲ್ಲಾ ಬಂದಾವ,” ಎಂದಳು. ಆಮೇಲೆ ನನ್ನ ಕಡೆ ಕಣ್ಣು ಹೊಡೆದು, “ಹೇಳಲೇನು ಈಕಿ ಮಾರಿ?” ಎಂದಳು.

“ಹೇಳು, ಹೇಳು. ಪರವೂರಾಕಿದು ಹೇಳಿದ್ರ ಏನು ತಪ್ಪು?”

ಅಂಬಕ್ಕ ಪರದೆಯನ್ನು ಬಿಸಿಲಿಗೆ ಮರೆಮಾಡಿ ಹಿಡಿದು ನೋಡತೊಡಗಿದಳು. ಹತ್ತಿರ ತಂದಳು, ದೂರ ಹಿಡಿದಳು. ಅವಳು ಯಾವುದನ್ನಾದರೂ ಇಷ್ಟು ಮನಸ್ಸಿಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ.

“ಹಣಿ ಸಣ್ಣದು. ಅದರ ಮ್ಯಾಲಿನ ಗೆರಿ ನೋಡು, ಹೊಲಿಗಿ ಹಾಕಿ ಬಿಚ್ಚಿದಂಗ ಅದಾವ. ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಕಣ್ಣಿನ ಕೆಳಗ ಕಪ್ಪು, ಬೂದಿ ಒರಸಿದಂಗ. ಬಾಯಿ…” ಅವಳು ತಡೆದಳು. “ಬಾಯಿ ನೋಡು. ಏನೋ ಕಚ್ಚಿ ಹಿಡದಾಳ. ಬಿಟ್ರ ಎಲ್ಲಿ ಬಿದ್ದ ಹೋದೀತೋ ಅನ್ನೂವಂಗ. ಈಕಿ ಮನಸು ಬಿಚ್ಚಿ ನಕ್ಕು ಭಾಳ ದಿನ ಆಗೇತಿ ರತ್ನಿ.”

“ಗಂಡ ಕುಡೀತಾನೋ ಏನೋ.”

“ಇಲ್ಲಂದ್ರ ಅತ್ತಿ ಇನ್ನೂ ಗಟ್ಟಿಮುಟ್ಟಾಗಿರಬೇಕು.”

ನಾವಿಬ್ಬರೂ ನಕ್ಕೆವು. ಅಂಬಕ್ಕ ನಗುತ್ತಲೇ ಇನ್ನೊಂದು ಸಲ ನೋಡಿದಳು. ನೋಡುತ್ತಾ ನಗು ನಿಂತಿತು.

“ಆದ್ರೂ ಕೆಟ್ಟ ಮಾರಿ ಅಲ್ಲ,” ಎಂದಳು. “ದಿನಾ ಕಣ್ಣಿಗೆ ಬಿದ್ರ ಹಚಿಗೊಳ್ಳೂವಂಥಾ ಮಾರಿ.”

ಅಷ್ಟರಲ್ಲಿ ಸೊಸೆ ವಿನುತಾ ಚಹಾ ತಂದಳು. ಲೋಟ ಕೊಡಲು ಬಗ್ಗಿದವಳು ಅತ್ತೆಯ ಭುಜದ ಮೇಲಿಂದ ಪರದೆ ನೋಡಿದಳು.

“ಅಯ್ಯ ಚಿಗವ್ವಾರ, ನಿಮ್ಮ ಫೋಟೋ! ಇದರಾಗ ಮಾರಿ ಹೆಂಗ ಬಂತ್ರಿ?”

“ಯಾರದು?” ಎಂದಳು ಅಂಬಕ್ಕ.

“ಇವರದ ಅಲ್ಲೇನ್ರಿ ಅತ್ತೇರ. ರತ್ನಿ ಚಿಗವ್ವಾರದು. ಕಾಣವಲ್ದೇನ್ರಿ?”

ಅಂಬಕ್ಕ ಪರದೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಪರದೆ ನೋಡಿದಳು. ವಿನುತಾಗೆ ತಾನು ಏನು ಆಡಿದೆ ಎಂದು ಆಗ ಹೊಳೆದಿರಬೇಕು. ಲೋಟಗಳನ್ನು ನೆಲಕ್ಕಿಟ್ಟು, ಏನೋ ನೆಪ ಹೇಳಿ ಒಳಗೆ ಹೋದಳು. ಅಂಬಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಉಜ್ಜಿದಳು, ಮತ್ತೆ ಹಾಕಿಕೊಳ್ಳಲಿಲ್ಲ.

“ಪರದಿ ಸಣ್ಣದು,” ಎಂದಳು. “ಅದಕ್ಕೊಂದು ಗೀರು ಬ್ಯಾರೆ.”

“ಹೌದು. ಗೀರೈತಿ,” ಎಂದೆ. “ಚಾ ಆರ್ತೈತಿ, ಕುಡಿ.”

ನನ್ನ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ. ನಾಲಿಗೆ ಸುಟ್ಟಿತು. ಕ್ಯಾಮೆರಾ ತೆಗೆದುಕೊಂಡು ಬಂದುಬಿಟ್ಟೆ.

ಮನೆಗೆ ಬಂದು ಮಷಿನ್ನಿನ ಮುಂದೆ ಕೂತಾಗ ನೆನಪಾಯಿತು. ಹಿಂದೊಮ್ಮೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕ್ಯಾಮೆರಾವನ್ನು ತಿರುವಿ ಹಿಡಿದು ಸೆಲ್ಲು ಹಾಕುತ್ತಿದ್ದೆ. ಅದು ತಾನಾಗಿಯೇ ಮೂತಿ ಚಾಚಿ ಫಳ್ ಎಂದು ಬೆಳಕು ಹೊಡೆದಿತ್ತು. ಹಾಳಾದ್ದು ಎಂದು ಬೈದು ಮರೆತಿದ್ದೆ. ಇಡೀ ಊರಿನ ಮುಖಗಳನ್ನು ಒರೆಸಿಹಾಕಿದ ಯಂತ್ರಗಳ ಪೈಕಿ ಈ ಬಡಕಲು ಡಬ್ಬಿಯೊಂದೇ ಯಾಕೆ ನನ್ನ ಮುಖ ಹಿಡಿದಿಟ್ಟಿತೋ ನನಗೆ ಗೊತ್ತಿಲ್ಲ. ಪರದೆ ತೆರೆದು ಅವಳನ್ನು ನೋಡಿದೆ. ಇಷ್ಟು ದಿನ ಮರುಕಪಟ್ಟಿದ್ದೆ. ಈಗ ಅದೂ ಬರಲಿಲ್ಲ. ನಗಲು ಪ್ರಯತ್ನಿಸಿ ಬೆರಳಿನಿಂದ ಎಡಗಲ್ಲ ತಡವಿಕೊಂಡೆ. ಗಲ್ಲ ಗಲ್ಲದ ಹಾಗೇ ಇತ್ತು.

ಊಟಕ್ಕೆ ಕೂತಾಗ ನಮ್ಮವರನ್ನು ಕೇಳಿದೆ. ಕೇಳಬಾರದಿತ್ತು.

“ನಾ ನಕ್ರ ಗುಳಿ ಬೀಳತೈತೇನ್ರಿ?”

ಅವರ ತುತ್ತು ಕೈಯಲ್ಲೇ ನಿಂತಿತು. “ನನ್ನ ಯಾಕ ಕೇಳ್ತಿ? ಅಂಬಕ್ಕ ಇಲ್ಲೇನು?”

“ನೋಡಿ ಹೇಳ್ರಿ ಒಂದ್ಸಲ.”

ಅವರು ನೋಡಿದರು. ಹೆಂಡತಿಯ ಮುಖದಲ್ಲಿ ಏನನ್ನೋ ಹುಡುಕುವ ಗಂಡಸಿನ ಪಾಡು ಯಾರಿಗೂ ಬೇಡ. “ಇರಬೇಕು,” ಎಂದರು. “ನೀನ ಯಾವಾಗಲೂ ಐತಿ ಅಂತಿದ್ದೆಲ್ಲ.” ಆಮೇಲೆ ತಟ್ಟೆಯ ಕಡೆ ನೋಡುತ್ತ, “ಸಾರು ಚೊಲೋ ಆಗೇತಿ,” ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೆ ಗೊತ್ತಿರುವ ಒಳ್ಳೆಯ ಮಾತು ಅದೊಂದೇ.

ಅಂದು ಸಂಜೆ ಅಂಬಕ್ಕ ನಮ್ಮ ಮನೆಗೆ ಬಂದಳು. ಹಿರಿಯವಳು ಕಿರಿಯವಳ ಮನೆಗೆ ಬರುವ ಪದ್ಧತಿ ಇಲ್ಲ. ಇಷ್ಟು ವರ್ಷಗಳಲ್ಲಿ ಹಬ್ಬಕ್ಕೆ, ಸಾವಿಗೆ ಬಿಟ್ಟರೆ ಅವಳು ನಮ್ಮ ಹೊಸ್ತಿಲು ದಾಟಿರಲಿಲ್ಲ. ಬಂದವಳು ಬಟ್ಟೆಯ ತುಂಡುಗಳ ರಾಶಿಯ ಪಕ್ಕ ನೆಲಕ್ಕೇ ಕೂತಳು. ನಾನು ತೋಳು ಕೂಡಿಸುತ್ತಿದ್ದೆ. ಮಷಿನ್ನು ನಿಲ್ಲಿಸಲಿಲ್ಲ.

“ಕುಸುಮಿ ಅಂತ ಇದ್ಲು,” ಎಂದಳು ಅಂಬಕ್ಕ.

ಹೆಸರು ಕೇಳಿದ್ದೆ. ನನಗಿಂತ ಮೊದಲು ಅವಳ ಎದುರುಗಿತ್ತಿಯಾಗಿದ್ದವಳು. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡವಳು.

“ಆಕಿ ಹೋಗಿ ಇನ್ನೂ ವರ್ಷ ತುಂಬಿದ್ದಿಲ್ಲ. ನಿನ್ನ ತಂದು ನನ್ನ ಮುಂದ ಕುಂಡ್ರಿಸಿದ್ರು. ಆಕಿ ಕೂಡೂ ಜಾಗಾದಾಗ. ಹೇಳು ಅಂದ್ರು ಹಿರ್ಯಾರು. ನನಗ ಕಣ್ಣು ಎತ್ತಿ ನಿನ್ನ ನೋಡಾಕ ಆಗ್ಲಿಲ್ಲವಾ. ಬಾಯಾಗ ಇದ್ದದ್ದು ಆಕಿ ಮಾರಿ. ಅದ ಬಂತು.”

ಮಷಿನ್ನಿನಲ್ಲಿ ದಾರ ತುಂಡಾಯಿತು. ನಾನು ಸೂಜಿಗೆ ದಾರ ಪೋಣಿಸುತ್ತ ಕೇಳಿದೆ: “ಮರುದಿನಾ?”

“ಮರುದಿನಾ ನೀನ ಕೇಳಿದಿ. ಇವತ್ತೂ ಗುಳಿ ಐತೇನಕ್ಕಾ ಅಂತ. ಎಷ್ಟ ಆಸೇದಿಂದ ಕೇಳಿದಿ ಗೊತ್ತೈತೇನು? ಏನು ಹೇಳಬೇಕಾಗಿತ್ತು ನಾನು?”

ಅವಳ ಜಾಗದಲ್ಲಿ ನಾನಿದ್ದರೂ ಐತಿ ಎಂದೇ ಅನ್ನುತ್ತಿದ್ದೆ.

“ಆಮ್ಯಾಲ ರೂಢಿ ಆತು,” ಎಂದಳು. “ನಾಳೆ ನೋಡೂಣು, ನಾಳೆ ಖರೇ ಹೇಳೂಣು ಅಂತ ಅನಕೋತ ಹೋದೆ. ನೋಡಿದ್ರ ಹೇಳಬೇಕಾಗತೈತಿ ಅಂತ ನೋಡೂದ ಬಿಟ್ಟೆ.” ಅವಳು ಒಂದು ತುಂಡು ಬಟ್ಟೆಯನ್ನು ಎತ್ತಿಕೊಂಡು ಮಡಚಿದಳು, ಬಿಚ್ಚಿದಳು. “ಇವತ್ತ ನೋಡಿದೆ. ನೀ ಅಂತ ಗೊತ್ತಿಲ್ಲದ ನೋಡಿದೆ.”

“ಚೊಲೋ ಹೇಳಿದಿ,” ಎಂದೆ. ವ್ಯಂಗ್ಯವಾಗಿ ಆಡಿದ್ದಲ್ಲ. ಅಷ್ಟು ಸರಿಯಾಗಿ ನನ್ನನ್ನು ಯಾರೂ ಹೇಳಿರಲಿಲ್ಲ. ದಿನಾ ಕಣ್ಣಿಗೆ ಬಿದ್ದರೆ ಹಚ್ಚಿಕೊಳ್ಳುವಂಥ ಮುಖ ಎಂದದ್ದು ಬೆಳಗಿನಿಂದ ಕಿವಿಯಲ್ಲೇ ಇತ್ತು. ಎಷ್ಟು ವರ್ಷ ದಿನಾ ಅವಳ ಕಣ್ಣಿಗೆ ಬಿದ್ದಿದ್ದೆ!

ಅಂಬಕ್ಕ ಏಳುವಾಗ ಮೊಣಕಾಲು ಹಿಡಿದುಕೊಂಡು ಎದ್ದಳು. ನಾನು ಕೈ ಕೊಡಲು ಹೊರಟು, ಅವಳು ಎದ್ದಾದ ಮೇಲೆ ಹಿಂತೆಗೆದುಕೊಂಡೆ. ಬಾಗಿಲಲ್ಲಿ ನಿಂತು, “ನೀ ನಾಳೆ ಬರದಿದ್ರ ನಾ ಏನೂ ಅನ್ನಾಂಗಿಲ್ಲ,” ಎಂದಳು. “ಯಾರ ಮುಂದೂ ಅನ್ನಾಂಗಿಲ್ಲ.”

ಅವಳು ಹೋದ ಮೇಲೆ ಉಳಿದ ತೋಳನ್ನೂ ಕೂಡಿಸಿ ಮುಗಿಸಿದೆ. ನನಗೆ ಅಳಬೇಕು ಎನಿಸಲಿಲ್ಲ, ಬೈಯಬೇಕು ಎನಿಸಲಿಲ್ಲ. ಬಹಳ ದೂರ ಹೊತ್ತು ತಂದ ಗಂಟನ್ನು ಬಿಚ್ಚಿ ನೋಡಿದರೆ ಅದರಲ್ಲಿ ಇನ್ನೊಬ್ಬರ ಬಟ್ಟೆಗಳಿದ್ದಂತೆ ಆಗಿತ್ತು. ಈಗ ಅದನ್ನು ಎಲ್ಲಿಡಬೇಕೋ ತಿಳಿಯದು. ಹೋಗದೇ ಇದ್ದುಬಿಟ್ಟರೆ ಯಾರೂ ತಪ್ಪೆನ್ನಲಾರರು. ಈ ವಯಸ್ಸಿನಲ್ಲಿ ಇನ್ನೊಬ್ಬ ಎದುರುಗಿತ್ತಿ ನನಗೂ ಸಿಗುವುದು ಕಷ್ಟ, ಆದರೆ ನನಗೆ ಕ್ಯಾಮೆರಾ ಇತ್ತು. ಬೇಕೆಂದಾಗ ಮೂತಿಯನ್ನು ನನ್ನ ಕಡೆ ತಿರುಗಿಸಿ ಗುಂಡಿ ಒತ್ತಿದರೆ ಆಯಿತು. ಸೆಲ್ಲು ಇರುವ ತನಕ ನನಗೆ ಯಾರ ಬಾಯಿಯೂ ಬೇಕಿರಲಿಲ್ಲ. ಅಂಬಕ್ಕನಿಗೆ ಬೇಕಿತ್ತು. ನಾನು ಹೋಗದಿದ್ದರೆ ಆ ಕೊನೆಯ ಮನೆಯ ನೀಲವ್ವನ ಹಾಗೆ ಅವಳೂ ಹಾಲಿನವನ ಕೈ ಹಿಡಿಯುವವಳೇ.

ಬೆಳಗಾದಾಗ ಓಣಿಯ ಜಗಲಿಗಳಿಂದ ಮಾತು ಕೇಳಿಸತೊಡಗಿತು. “ತುಟಿ ಒಡದಾವ, ತುಪ್ಪಾ ಹಚಿಗೋ.” “ನಿನ್ನ ಮೂಗಬೊಟ್ಟು ಸೊಟ್ಟ ಆಗೇತಿ.” ನಾನು ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನೇ ನೋಡುತ್ತಿದ್ದೆ. ಹಾಲು ಇಳಿಸಿ, ಕೈ ತೊಳೆದು, ಚಪ್ಪಲಿ ಮೆಟ್ಟಿದೆ. ಹೋಗಬೇಕೆಂದು ತೀರ್ಮಾನಿಸಿ ಹೊರಟದ್ದಲ್ಲ. ಕಾಲಿಗೆ ಆ ಹೊತ್ತು ಆ ದಾರಿ ಬಿಟ್ಟು ಬೇರೆ ಗೊತ್ತಿರಲಿಲ್ಲ.

ಅಂಬಕ್ಕ ಆಗಲೇ ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಬಾಚಣಿಗೆ ತೆಗೆದುಕೊಂಡಳು. ನಾನು ಅವಳಿಗೆ ಕುಂಕುಮ ಹಚ್ಚಿದೆ, ಅವಳು ನನಗೆ ಹಚ್ಚಿದಳು. ಆಮೇಲೆ ಕಣ್ಣು ಮುಚ್ಚಿ ಕೂತೆ. ಹೇಳಿಸಿಕೊಳ್ಳುವವಳು ಕಣ್ಣು ಮುಚ್ಚಿರಬೇಕು. ಮುಖ ಒಳಗೆ ಇಳಿಯಲಿ ಎಂದು.

“ಹಣಿ…” ಎಂದಳು ಅಂಬಕ್ಕ. “ಹಣಿ ಸಣ್ಣದು. ಗೆರಿ ಅದಾವ, ಭಾಳೇನಿಲ್ಲ. ಕಣ್ಣು… ಸ್ವಲ್ಪ ದಣಿದಾವ. ಅಷ್ಟ.”

ನಿನ್ನೆ ಪರವೂರಿನವಳನ್ನು ಹೇಳುವಾಗ ಇದ್ದ ಚುರುಕು ಅದರಲ್ಲಿ ಇರಲಿಲ್ಲ. ಒಂದೊಂದು ಮಾತಿಗೂ ಮೊದಲೇ ಕ್ಷಮೆ ಕೇಳಿಕೊಂಡಂತಿತ್ತು. ನನ್ನ ನಿಜವಾದ ಮುಖ ಅವಳ ಬಾಯಲ್ಲಿ ಹಾಗೆ ತಡವರಿಸುವುದನ್ನು ಕೇಳಿ ನನಗೇ ಅದರ ಮೇಲೆ ಬೇಸರ ಬಂತು.

“ಅಂಬಕ್ಕಾ,” ಎಂದೆ. “ದಿನಾ ಹೇಳೂದು ಹೇಳು.”

“ಏನಂದಿ?”

“ದಿನಾ ಹೇಳೂದು. ಅದನ್ನ ಹೇಳು.”

ಒಳಗೆ ವಿನುತಾ ಪಾತ್ರೆ ಇಡುವ ಸದ್ದು ನಿಂತಿತು.

“ಕಣ್ಣು ಜೇನಿನ ಬಣ್ಣ,” ಎಂದಳು ಅಂಬಕ್ಕ. ದನಿ ಸ್ವಲ್ಪ ಒಡೆದು, ಆಮೇಲೆ ಕೂಡಿಕೊಂಡಿತು. “ಹುಬ್ಬು ಚೆಂದಗೆ ಬಾಗ್ಯಾವ.”

ನಾನು ಕಣ್ಣು ತೆರೆದೆ.

ಅಂಬಕ್ಕ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಮೇಲಿಂದ, ಅಂಗಳದ ಕಡೆ, ಅಲ್ಲಿ ಯಾರೋ ಬಂದು ನಿಂತಿದ್ದಾರೆ ಎನ್ನುವ ಹಾಗೆ ನೋಡುತ್ತಿದ್ದಳು. ಅವಳ ಮುಖವನ್ನು ನಾನು ದಿನಾ ಹೇಳುತ್ತ ಬಂದವಳು. ಅದರ ಒಂದೊಂದು ಸುಕ್ಕು ನನಗೆ ಪರಿಚಯ ಎಂದುಕೊಂಡಿದ್ದೆ. ಈ ಮುಖವನ್ನು ನಾನು ಕಂಡೇ ಇರಲಿಲ್ಲ. ಗಲ್ಲಕ್ಕೆ ಬಣ್ಣ ಬಂದಿತ್ತು, ತುಟಿಯ ತುದಿ ಮೇಲಕ್ಕೆ ಎದ್ದಿತ್ತು. ಗೆಳತಿಯನ್ನು ಕೆಣಕಲು ಹೊರಟ ಹುಡುಗಿಯ ಹಾಗೆ ಇದ್ದಳು. ಇಷ್ಟು ವರ್ಷ ಪ್ರತಿ ಬೆಳಗ್ಗೆ, ನಾನು ಕಣ್ಣು ಮುಚ್ಚಿ ಕೂತ ಆ ಒಂದು ಗಳಿಗೆ, ಅವಳು ಹೀಗೇ ಇರುತ್ತಿದ್ದಳು ಎಂದು ತಿಳಿದು ನನಗೆ ಏನಾಯಿತೋ ಹೇಳಲಾರೆ.

“ಮೂಗಿನ ಬಾಜೂಕ ಎಳ್ಳಿನಷ್ಟು ಮಚ್ಚಿ,” ಎಂದಳು ಅಂಗಳದ ಕಡೆ ನೋಡುತ್ತ. “ನಕ್ರ ಎಡಗಲ್ಲದ ಮ್ಯಾಲ…” ತಡೆದು, ತಾನೇ ನಕ್ಕಳು. “ಇವತ್ತೂ ಐತಿ.”

ನನ್ನ ಕಣ್ಣು ತೆರೆದಿರುವುದು ಅವಳಿಗೆ ಗೊತ್ತಾಗಲಿಲ್ಲ. ಅವಳು ತಿರುಗುವ ಮೊದಲು ಮತ್ತೆ ಮುಚ್ಚಿಕೊಂಡೆ.

ಆಮೇಲೆ ನನ್ನ ಸರದಿ. “ನಿನ್ನಿ ನಿದ್ದಿ ಆಗಿಲ್ಲ, ಕಣ್ಣು ಕೆಂಪಗ ಅದಾವ,” ಎಂದೆ. “ಬೈತಲಿ ಹತ್ರ ಬಿಳಿ ಕೂದಲ ಹೆಚ್ಚಾಗ್ಯಾವ. ಉಳಿದದ್ದು ಹಂಗ ಐತಿ.” ಈಗಷ್ಟೇ ಕಂಡದ್ದನ್ನು ಹೇಳಲಿಲ್ಲ. ಅವಳು ತಲೆಯಾಡಿಸಿ ಎದ್ದಳು. ಎದ್ದಾಗ ಈ ಸಲ ನಾನು ಕೈ ಕೊಟ್ಟೆ.

ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ವಿನುತಾ ದಾರಿಯಲ್ಲಿ ನನ್ನನ್ನು ಹಿಡಿದಳು. “ಚಿಗವ್ವಾರ, ಅತ್ತೇರಿಗೆ ಗೊತ್ತಾಗದಂಗ ನಂದೊಂದು ತಗೀರಿ. ಒಂದ ಒಂದು. ನನ್ನ ಎದುರುಗಿತ್ತಿ ಬರೇ ಚೊಲೋ ಐತಿ, ಚೊಲೋ ಐತಿ ಅಂತಾಳ್ರಿ.”

“ಸೆಲ್ ಮುಗದಾವವಾ,” ಎಂದೆ.

ಅವಳು ನಂಬಲಿಲ್ಲ. ಆದರೂ ಬಿಟ್ಟಳು. ನಾನು ಓಣಿಯಲ್ಲಿ ನಿಧಾನವಾಗಿ ನಡೆದೆ. ಸೊಂಟ ನಿನ್ನೆಯ ಹಾಗೇ ನೋಯುತ್ತಿತ್ತು. ಮದುವೆಯ ಮನೆಯವರ ಐದು ಬ್ಲೌಸು ಕತ್ತರಿಸುವುದಿತ್ತು. ಜಗಲಿಗಳ ಮೇಲೆ ಹೆಂಗಸರು ಕಣ್ಣು ಮುಚ್ಚಿ ಮುಖವೆತ್ತಿ ಕೂತಿದ್ದರು, ಎದುರಿನವರು ಹೇಳುತ್ತಿದ್ದರು. ನಾಳೆಯೂ ಹೋಗುತ್ತೇನೆ, ಅಂಬಕ್ಕ ದಿನಾ ಹೇಳುವುದನ್ನೇ ಹೇಳಲಿ, ನಾನು ಕಣ್ಣು ಬಿಟ್ಟುಕೊಂಡೇ ಕೂರುತ್ತೇನೆ ಎಂದು ಓಣಿಯ ಕೊನೆಗೆ ನೀಲವ್ವನ ಖಾಲಿ ಜಗಲಿ ಕಾಣಿಸಿದಾಗ ಗೊತ್ತು ಮಾಡಿಕೊಂಡೆ. ಅಂಗಳದ ಕಡೆ ನೋಡುವ ಅಂಬಕ್ಕನಿಗೆ ಅದು ತಿಳಿಯುವುದಿಲ್ಲ. ಬೇರೆ ಯಾರಿಗೂ ತಿಳಿಯಬೇಕಾದ್ದಿಲ್ಲ.